ಉಜ್ಜಲ್ ದೊಸಾಂಜ್: ಕರಿಕೋಟು ಕಳಚದ ರಾಜಕಾರಣಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವು ಭಾರತೀಯ ಮೂಲದವರ ಮತದಾನದ ಹಕ್ಕನ್ನು 1907ರಲ್ಲಿ ಕಿತ್ತುಕೊಂಡಿತು. ಮತದಾರರ ಪಟ್ಟಿಗೆ ಸೇರಲು ಅರ್ಹತೆ ಇಲ್ಲದವರು ವಕೀಲಿ ವೃತ್ತಿಗೂ ಬರುವಂತಿಲ್ಲವೆಂಬ ನಿಯಮವನ್ನು ಅಲ್ಲಿನ ವಕೀಲರ ಸಂಸ್ಥೆ 1918ರಲ್ಲಿ ಮಾಡಿತು. ಶಾಸನಸಭೆಯ ಜೊತೆಗೆ ನ್ಯಾಯಾಲಯದ ಬಾಗಿಲೂ ಹೀಗೆ ಮುಚ್ಚಿತು. ಮತದಾನದ ಹಕ್ಕು ಮರಳಿ ದೊರೆತದ್ದು 1947ರಲ್ಲಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪಂಜಾಬಿನ ಜಲಂಧರ್ ಜಿಲ್ಲೆಯ ದೊಸಾಂಜ್ ಕಲಾನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಉಜ್ಜಲ್ ದೊಸಾಂಜ್, ಮುಂದೆ ಅದೇ ಪ್ರಾಂತ್ಯದಲ್ಲಿ ವಕೀಲರಾದರು, ಅಟಾರ್ನಿ ಜನರಲ್, ಅಂದರೆ ಪ್ರಾಂತ್ಯದ ಕಾನೂನು ಸಚಿವರಾದರು, 2000ನೇ ಇಸವಿಯಲ್ಲಿ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆಗೆ ಏರಿದರು. ಕೆನಡಾದ ಯಾವ ಪ್ರಾಂತ್ಯದಲ್ಲೂ ಅದುವರೆಗೆ ಭಾರತೀಯ ಮೂಲದವರು ಆ ಕುರ್ಚಿಯಲ್ಲಿ ಕುಳಿತಿರಲಿಲ್ಲ.

ಈ ಮೊದಲಿಗತನವನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಅವರ ಬದುಕಿನ ಎರಡು ಘಟ್ಟಗಳು. ಒಮ್ಮೆ ತಮ್ಮ ಸಮುದಾಯದ ಎದುರು, ಇನ್ನೊಮ್ಮೆ ತಮ್ಮ ಪಕ್ಷದ ಎದುರು ಅವರು ಕಾನೂನಿನ ಪರವಾಗಿ ನಿಲ್ಲಬೇಕಾಯಿತು, ಎರಡು ಸಲವೂ ನಿಂತರು.

ರಾಜಕೀಯ ಅವರಿಗೆ ಮನೆಯಲ್ಲೇ ಸಿಕ್ಕ ಪಾಠ. ತಂದೆ ನೆಹರೂ ಅವರ ಅನುಯಾಯಿ. ತಾಯಿಯ ತಂದೆ ಅಕಾಲಿ ದಳದ ಸ್ವಾತಂತ್ರ್ಯ ಹೋರಾಟಗಾರ. ಇಬ್ಬರ ವಾಗ್ವಾದ ಕೇಳುತ್ತ ಬೆಳೆದ ಹುಡುಗ ಹದಿಹರೆಯದಲ್ಲೇ, 1964ರಲ್ಲಿ, ಇಂಗ್ಲೆಂಡಿಗೆ ಹೋಗಿ ರೈಲ್ವೆಯಲ್ಲಿ ದುಡಿದರು, ಪಂಜಾಬಿ ಪತ್ರಿಕೆಯೊಂದರಲ್ಲಿ ಕೆಲಸ ಮಾಡಿದರು. 1968ರಲ್ಲಿ ವ್ಯಾಂಕೂವರಿಗೆ ಬಂದು ಮರ ಕೊಯ್ಯುವ ಮಿಲ್ಲು ಸೇರಿದರು. ಅಲ್ಲಿ ಬೆನ್ನಿಗೆ ಪೆಟ್ಟಾದ ಮೇಲೆ ಓದಿನ ಕಡೆ ತಿರುಗಿ, ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1977ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಎರಡು ವರ್ಷಗಳ ನಂತರ ಸ್ವಂತ ಕಚೇರಿ ತೆರೆದರು. ಫ್ರೇಸರ್ ಕಣಿವೆಯ ತೋಟಗಳಲ್ಲಿ ಗುತ್ತಿಗೆದಾರರ ಕೈಕೆಳಗೆ ಹಣ್ಣು ಕೀಳುತ್ತಿದ್ದವರಲ್ಲಿ ಬಹುಪಾಲು ಪಂಜಾಬಿ ವಲಸಿಗರೇ ಇದ್ದರು. ಉಳಿದ ಕಾರ್ಮಿಕರಿಗೆ ಕಾನೂನು ಕೊಟ್ಟಿದ್ದ ಹಲವು ರಕ್ಷಣೆಗಳು ಇವರಿಗೆ ಸಿಗುತ್ತಿರಲಿಲ್ಲ. ಇಂಥವರಿಗೆ ಕಾನೂನಿನ ತಿಳಿವಳಿಕೆ ನೀಡುವ ಕೆಲಸದಲ್ಲಿ ದೊಸಾಂಜ್ ತೊಡಗಿಕೊಂಡರು. ಅವರ ಸಾರ್ವಜನಿಕ ಜೀವನ ಬೇರೂರಿದ್ದು ಇಲ್ಲಿ ಎಂದೇ ನಾನು ತಿಳಿದಿದ್ದೇನೆ.

1984ರ ಸುವರ್ಣ ಮಂದಿರದ ಸೇನಾ ಕಾರ್ಯಾಚರಣೆ ಮತ್ತು ದೆಹಲಿಯ ಸಿಖ್ ಹತ್ಯಾಕಾಂಡದ ನಂತರ ಕೆನಡಾದ ಸಿಖ್ಖರಲ್ಲಿ ಆಕ್ರೋಶ ಕುದಿಯುತ್ತಿತ್ತು. ಆ ಆಕ್ರೋಶಕ್ಕೆ ಕಾರಣವಿತ್ತು. ಆದರೆ ಅದನ್ನು ಹಿಂಸೆಯತ್ತ ತಿರುಗಿಸುತ್ತಿದ್ದ ಖಲಿಸ್ತಾನಿ ಉಗ್ರರನ್ನು ದೊಸಾಂಜ್ ಬಹಿರಂಗವಾಗಿ ಖಂಡಿಸಿದರು. 1985ರ ಫೆಬ್ರವರಿಯಲ್ಲಿ ಅವರ ಕಚೇರಿಯ ವಾಹನ ನಿಲ್ದಾಣದಲ್ಲಿ ಕಬ್ಬಿಣದ ಸರಳಿನಿಂದ ಅವರ ಮೇಲೆ ಹಲ್ಲೆ ನಡೆಯಿತು. ಕೈಮೂಳೆ ಮುರಿಯಿತು, ತಲೆಗೆ ಸುಮಾರು 80 ಹೊಲಿಗೆ ಹಾಕಬೇಕಾಯಿತು. ಆ ಪ್ರಕರಣದ ಆರೋಪಿ ನ್ಯಾಯಾಲಯದಲ್ಲಿ ಖುಲಾಸೆಯಾದ. ಹಲ್ಲೆಯಾದ ನಾಲ್ಕೇ ತಿಂಗಳಲ್ಲಿ, ಜೂನ್ 23ರಂದು, ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಕರಾವಳಿಯಾಚೆ ಬಾಂಬಿಗೆ ಸಿಡಿದು 329 ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ಕೆನಡಾದ ಪ್ರಜೆಗಳೇ ಆಗಿದ್ದರೂ ಆ ದೇಶ ಅದನ್ನು ಬಹುಕಾಲ ತನ್ನದಲ್ಲದ ಜಗಳವೆಂಬಂತೆ ಕಂಡಿತು. ದೊಸಾಂಜ್ ಮಾತು ನಿಲ್ಲಿಸಲಿಲ್ಲ. ಕಾನೂನನ್ನೇ ನೆಚ್ಚಿದವನಿಗೆ ತನ್ನ ಮೇಲಾದ ಹಲ್ಲೆಗೇ ಕಾನೂನಿನಿಂದ ಉತ್ತರ ಸಿಗದೆ ಹೋದರೂ ಆ ನಂಬಿಕೆ ಸಡಿಲವಾಗದಿದ್ದದ್ದು ನನಗೆ ಅವರ ಅಧಿಕಾರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನ್ಯೂ ಡೆಮಾಕ್ರಟಿಕ್ ಪಕ್ಷದಿಂದ 1979 ಮತ್ತು 1983ರಲ್ಲಿ ಸೋತು, 1991ರಲ್ಲಿ ವ್ಯಾಂಕೂವರ್-ಕೆನ್ಸಿಂಗ್ಟನ್ ಕ್ಷೇತ್ರದಿಂದ ಗೆದ್ದ ಅವರು 1995ರ ಆಗಸ್ಟಿನಲ್ಲಿ ಅಟಾರ್ನಿ ಜನರಲ್ ಆದರು. 1999ರಲ್ಲಿ ಪ್ರೀಮಿಯರ್ ಗ್ಲೆನ್ ಕ್ಲಾರ್ಕ್ ಅವರ ಹೆಸರು ಕ್ಯಾಸಿನೊ ಪರವಾನಗಿಯ ವಿಚಾರವೊಂದರಲ್ಲಿ ಸಿಕ್ಕಿಕೊಂಡಿತು. ಕ್ಲಾರ್ಕ್ ಅವರು ಕ್ರಿಮಿನಲ್ ತನಿಖೆಗೆ ಒಳಪಟ್ಟಿದ್ದಾರೆಂದು ಆಗಸ್ಟ್ ತಿಂಗಳಲ್ಲಿ ಬಹಿರಂಗವಾಗಿ ಹೇಳಬೇಕಾದವರು ಅವರದೇ ಸಂಪುಟದ ದೊಸಾಂಜ್. ಕ್ಲಾರ್ಕ್ ರಾಜೀನಾಮೆ ಕೊಟ್ಟರು. 2002ರಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದಿತು. ತೆರವಾದ ಕುರ್ಚಿ ಕೆಲವು ತಿಂಗಳಲ್ಲಿ ದೊಸಾಂಜ್ ಅವರಿಗೇ ದಕ್ಕಿದ್ದರಿಂದ, ಅವರ ನಡೆಯಲ್ಲಿ ಸ್ವಾರ್ಥ ಹುಡುಕುವುದು ಸುಲಭ. ಆದರೆ ಅಟಾರ್ನಿ ಜನರಲ್ ಹುದ್ದೆಯಲ್ಲಿದ್ದವನು ವಿಷಯ ಮುಚ್ಚಿಟ್ಟಿದ್ದರೆ ಅದು ಕರ್ತವ್ಯಲೋಪವೇ ಆಗುತ್ತಿತ್ತು. ಕೈಗೆ ಬಂದ ಸರ್ಕಾರವಾದರೂ ಎಂಥದ್ದು? 2001ರ ಮೇ ತಿಂಗಳ ಚುನಾವಣೆಗೆ ಒಂದು ವಾರವಿರುವಾಗಲೇ ದೊಸಾಂಜ್ ಸೋಲೊಪ್ಪಿಕೊಂಡು, ಬಲವಾದ ವಿರೋಧ ಪಕ್ಷವನ್ನಾದರೂ ಆರಿಸಿ ಎಂದು ಜನರನ್ನು ಕೇಳಿಕೊಂಡರು. 79 ಸ್ಥಾನಗಳಲ್ಲಿ ಪಕ್ಷಕ್ಕೆ ಉಳಿದದ್ದು 2. ಅವರ ಸ್ವಂತ ಕ್ಷೇತ್ರವೂ ಕೈತಪ್ಪಿತು.

ಅವರ ಆಡಳಿತದ ಎಲ್ಲವೂ ನನಗೆ ಒಪ್ಪಿಗೆಯಲ್ಲ. ಅಟಾರ್ನಿ ಜನರಲ್ ಆದ ಆರಂಭದಲ್ಲೇ ಗಸ್ಟಫ್ಸನ್ ಸರೋವರದ ಬಳಿ ಮೂಲನಿವಾಸಿಗಳು ತಮ್ಮ ಪವಿತ್ರ ಆಚರಣೆಯ ನೆಲಕ್ಕಾಗಿ ಪಟ್ಟುಹಿಡಿದು ಕುಳಿತಾಗ, ನೂರಾರು ಪೊಲೀಸರು ಅವರನ್ನು ಸುತ್ತುವರಿದು ಸಾವಿರಾರು ಗುಂಡು ಹಾರಿಸಿದರು. ನೆಲ ಕಳೆದುಕೊಂಡವರ ದನಿಯನ್ನು ವಲಸಿಗನಾದ ಕಾನೂನು ಸಚಿವ ಇನ್ನಷ್ಟು ತಾಳ್ಮೆಯಿಂದ ಆಲಿಸಬಹುದಿತ್ತು. ಇದೇ ಅವಧಿಯಲ್ಲಿ, 1997ರಲ್ಲಿ, ಸಲಿಂಗಿ ಜೋಡಿಗಳನ್ನೂ ಕೌಟುಂಬಿಕ ಕಾನೂನಿನ ಸಂಗಾತಿ ಎಂಬ ವ್ಯಾಖ್ಯೆಗೆ ಸೇರಿಸಿದ ತಿದ್ದುಪಡಿ ಬಂದದ್ದನ್ನೂ ಹೇಳಬೇಕು.

2004ರಲ್ಲಿ ಪ್ರಧಾನಿ ಪಾಲ್ ಮಾರ್ಟಿನ್ ಅವರ ಆಹ್ವಾನದ ಮೇಲೆ ಲಿಬರಲ್ ಪಕ್ಷ ಸೇರಿ, ವ್ಯಾಂಕೂವರ್ ಸೌತ್ ಕ್ಷೇತ್ರದಿಂದ ಗೆದ್ದು ಕೇಂದ್ರದ ಆರೋಗ್ಯ ಸಚಿವರಾದರು. ಪ್ರಾಂತ್ಯಗಳ ಆರೋಗ್ಯ ಸೇವೆಗೆ 10 ವರ್ಷಗಳಲ್ಲಿ ಸುಮಾರು 41 ಶತಕೋಟಿ ಡಾಲರ್ ಒದಗಿಸುವ ಒಪ್ಪಂದ ಆ ವರ್ಷವೇ ಆಯಿತು. 2008ರಲ್ಲಿ ಅವರು ಗೆದ್ದದ್ದು ಕೇವಲ 20 ಮತಗಳಿಂದ, 2011ರಲ್ಲಿ ಸೋತರು. ಆಮೇಲೆ ಚುನಾವಣೆಗೆ ನಿಲ್ಲಲಿಲ್ಲ, ಆದರೆ ಉಗ್ರವಾದದ ವಿರುದ್ಧ ಬರೆಯುವುದನ್ನೂ ಮಾತನಾಡುವುದನ್ನೂ ಮುಂದುವರಿಸಿದರು.