ಅಡುಗೆ ಮಾಡಬಹುದಾ ಡಾಕ್ಟ್ರೇ?

ಮೊನ್ನೆ ಬುಧವಾರ ನನ್ನ ಬಸುರಿನ ಸ್ಕ್ಯಾನಿಂಗ್ ರಿಪೋರ್ಟ್ ನೋಡಿದ ಡಾಕ್ಟರು, "ಮಾಸು (ಪ್ಲಾಸೆಂಟಾ) ಮೇಲಕ್ಕೆ ಸರಿದಿದೆ. ಇನ್ನು ಮಲಗಿರೋದು ಬೇಡ, ಎದ್ದು ಓಡಾಡಿ" ಅಂದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಪಕ್ಕದಲ್ಲಿದ್ದ ಅತ್ತೆ ಕೇಳಿದರು: "ಹಾಗಾದ್ರೆ ಅಡುಗೆ ಮಾಡಬಹುದಾ ಡಾಕ್ಟ್ರೇ?"

ಡಾಕ್ಟರು ಪೆನ್ನು ಕೆಳಗಿಟ್ಟು, "ಅದನ್ನ ಅವರು ಕೇಳಲಿ ಅಮ್ಮ" ಅಂದರು. ದನಿ ಏರಿಸಲಿಲ್ಲ, ಬುದ್ಧಿ ಹೇಳುವ ಧಾಟಿಯೂ ಇರಲಿಲ್ಲ. ಆದರೂ ಆವತ್ತಿನಿಂದ ಆ ಎರಡು ಮಾತು ನನ್ನ ತಲೆಯಿಂದ ಹೋಗಿಲ್ಲ.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಗರ್ಭಕೋಶದ ಬಾಯಿಯ ಹತ್ತಿರವೇ ಇದೆ ಅಂದಿದ್ದರು. ಅದಾದ ಮೇಲೆ ಒಂದು ರಾತ್ರಿ ರಕ್ತ ಕಾಣಿಸಿತು. ಊರಿನ ನರ್ಸಿಂಗ್ ಹೋಮಿನಲ್ಲಿ 'ಫುಲ್ ಬೆಡ್ ರೆಸ್ಟ್' ಎಂದು ಚೀಟಿ ಬರೆದುಕೊಟ್ಟರು. ಅಲ್ಲಿಂದ ಎಡಮಗ್ಗುಲೇ ನನ್ನ ಪ್ರಪಂಚ. ಹಾಸಿಗೆಯಲ್ಲೇ ಊಟ, ಮಗು ಒದೆಯಲಿ ಎಂದು ಕಾಯುವುದು, ಬಾತ್‌ರೂಮಿಗೆ ಹೋದಾಗಲೆಲ್ಲ ಮತ್ತೆ ರಕ್ತ ಕಾಣುತ್ತದೇನೋ ಎಂದು ಕಣ್ಣು ಮುಚ್ಚಿ ಆಮೇಲೆ ನೋಡುವುದು. ಮಲಗಿದರೆ ಮಗು ಉಳಿಯುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಮಲಗಿದ್ದೆ.

ಈ ಡಾಕ್ಟರು ಹೇಳಿದ್ದು ಬೇರೆ. ತಿಂಗಳು ತುಂಬುತ್ತಾ ಬಂದಂತೆ ಗರ್ಭಕೋಶದ ಕೆಳಭಾಗ ಹಿಗ್ಗುತ್ತದೆ, ಮಾಸು ಬಾಯಿಯಿಂದ ದೂರವಾಗುತ್ತದೆ, ಹೆಚ್ಚಿನವರಲ್ಲಿ ಹೀಗೇ ಆಗುತ್ತದೆಯಂತೆ. ನಾನು ಮಲಗಿದ್ದಕ್ಕೆ ಅದು ಸರಿದದ್ದಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಸ್ನಾಯು ಸೊರಗುತ್ತದೆ, ಮೂಳೆಯೂ ಸವೆಯುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಸಂಘವೇ ಬಸುರಿಯರಿಗೆ ವಾಡಿಕೆಯಂತೆ ಬೆಡ್ ರೆಸ್ಟ್ ಬರೆಯಬೇಡಿ ಎನ್ನುತ್ತದೆ. "ಭಾರ ಎತ್ತಬೇಡಿ, ಸುಸ್ತಾದರೆ ಕೂತ್ಕೊಳ್ಳಿ, ರಕ್ತ ಕಂಡರೆ ಆ ಕ್ಷಣವೇ ಬನ್ನಿ" ಅಂದರು.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಹಿಂದೆಯೇ ಭಯ ಬಂತು, ಅತ್ತೆಯ ಪ್ರಶ್ನೆಯ ಜೊತೆಗೆ. ಆ ಚೀಟಿ ಇದ್ದಷ್ಟು ದಿನ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಚೀಟಿ ಹೋದರೆ ನೇರವಾಗಿ ಒಲೆಯ ಮುಂದೆ. ನಮ್ಮ ಮನೆಗಳಲ್ಲಿ ಹೆಂಗಸು ಒಂದೋ ಹಾಸಿಗೆ ಹಿಡಿದಿರಬೇಕು, ಇಲ್ಲವೇ ದುಡಿಯುತ್ತಿರಬೇಕು. ಬರೇ ನಡೆದಾಡಿಕೊಂಡು, ಬಿಸಿಲಲ್ಲಿ ಕೂತು, ದಣಿವಾದಾಗ ಒರಗಿಕೊಳ್ಳುವ ಬಸುರಿಗೆ ಜಾಗವೇ ಇಲ್ಲ. ಹಿಂದಿನವರು ಸೀಮಂತ ಮುಗಿಸಿ ತವರಿಗೆ ಕಳಿಸುತ್ತಿದ್ದುದು ಇದೇ ಕಾರಣಕ್ಕೋ ಏನೋ.

ನನ್ನ ಅಮ್ಮ ಅಂಗನವಾಡಿ ಕಾರ್ಯಕರ್ತೆ. 2017ರ ಅಕ್ಟೋಬರ್ 2ರಂದು ಸರ್ಕಾರದ 'ಮಾತೃಪೂರ್ಣ' ಯೋಜನೆ ಶುರುವಾದಾಗ ಬಸುರಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಎಂಬ ನಿಯಮವಿತ್ತು. ತುಂಬಿದ ಹೊಟ್ಟೆ ಹೊತ್ತುಕೊಂಡು ಅಷ್ಟು ದೂರ ಯಾಕೆ ನಡೆಸುತ್ತೀರಿ, ಮನೆಗೇ ಕೊಡಬಾರದಾ ಎಂದು ನಾನು ಅಮ್ಮನ ಹತ್ತಿರ ಜಗಳವಾಡಿದ್ದೆ. "ಮನೆಗೆ ಕೊಟ್ಟ ಮೊಟ್ಟೆ ಅವಳ ಬಾಯಿಗೆ ಬೀಳಲ್ಲ ಕಣೇ, ಎಲ್ಲರಿಗೂ ಹಂಚಿ ಹೋಗುತ್ತೆ" ಅಂದಿದ್ದಳು. ನಡೆಯಲಾಗದವರ ಕಷ್ಟವೂ ಅವಳಿಗೆ ಗೊತ್ತಿತ್ತು, ಆದರೂ ಆ ಮಾತು ಬಿಡಲಿಲ್ಲ. ಈಗ ನನಗೆ ಅನಿಸುತ್ತದೆ, ವಿಶ್ರಾಂತಿಯೂ ಆ ಮೊಟ್ಟೆಯ ಹಾಗೇ. ಕಾನೂನು 26 ವಾರ ಸಂಬಳ ಸಹಿತ ರಜೆ ಕೊಡುತ್ತದೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಅದು ಆಫೀಸಿನಿಂದ ಬಿಡಿಸುತ್ತದೆ. ಅಡುಗೆಮನೆಯಿಂದ ಬಿಡಿಸುವುದಕ್ಕೆ ಯಾವ ಕಾನೂನಿದೆ? ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಆ ರಜೆಯೂ ಇಲ್ಲ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ದಿನ ಹಾಸಿಗೆಗೆ ತಟ್ಟೆ ತಂದುಕೊಟ್ಟವರು, ನನ್ನ ತಲೆ ಬಾಚಿದವರು ಅವರೇ. ಮಂಡಿನೋವಿನಲ್ಲಿ ಎರಡು ಹೊತ್ತು ನಿಂತು ಅಡುಗೆ ಮಾಡಿ ಅವರೂ ಸೋತಿದ್ದಾರೆ. ಅವರು ಕೇಳಿದ್ದು ತನಗೆ ಯಾವಾಗ ಬಿಡುವು ಸಿಗುತ್ತದೆ ಎಂದು. ನನಗೆ ನೋವಾದದ್ದು ಇನ್ನೊಂದಕ್ಕೆ. ನಮ್ಮಿಬ್ಬರ ಹಿಂದೆ ಫೈಲು ಹಿಡಿದುಕೊಂಡು ನನ್ನ ಗಂಡ ನಿಂತಿದ್ದ. ಇವನು ಅಡುಗೆ ಮಾಡಬಹುದಾ ಎಂದು ಕೇಳುವುದು ಅತ್ತೆಗೆ ಹೊಳೆಯಲಿಲ್ಲ, ಡಾಕ್ಟರಿಗೆ ಹೊಳೆಯಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಆ ರಾತ್ರಿಯೇ ಅವನಿಗೆ ಇದನ್ನು ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಗುರುವಾರದಿಂದ ಬೆಳಗಿನ ತಿಂಡಿ ಅವನದು. ಉಪ್ಪಿಟ್ಟು ಗಂಟುಗಂಟಾಗುತ್ತದೆ, ಅತ್ತೆ ಎದ್ದು ಸರಿ ಮಾಡಲು ಹೋದರೆ ನಾನು ಕೈ ಹಿಡಿದು ಕೂರಿಸುತ್ತೇನೆ. ಸಂಜೆ ನಾವಿಬ್ಬರೂ ದೇವಸ್ಥಾನದವರೆಗೆ ನಿಧಾನವಾಗಿ ನಡೆದು ಬರುತ್ತೇವೆ. ಹೆರಿಗೆಯಾದ ಮೇಲೂ ತಿಂಡಿ ಅವನೇ ಮಾಡಬೇಕು ಅಂತ ಅವನಿಗೆ ಹೇಳಿಟ್ಟಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.