ಇದು ಒಂದಾ, ಎಲ್ಲಾ?

"ಅಕ್ಕ, ಇದು ಒಂದಾ, ಎಲ್ಲಾ?"

ಭಾನುವಾರದಿಂದ ಈ ಮಾತು ನನ್ನ ಕಿವಿಯಲ್ಲೇ ಕೂತಿದೆ. ಚಿಕ್ಕಮ್ಮನ ಮಗಳು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಲ್ಯಾಬ್ ಪರೀಕ್ಷೆ ಹತ್ತಿರ ಬಂತು ಅಂತ ಬೆಳಗಿನ ರೈಲಿಗೇ ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದಳು. ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಬೇಕಾದ ಸಂಖ್ಯೆ ಹುಡುಕುವ ಅವಳ ಬೈನರಿ ಸರ್ಚ್ ಪ್ರೋಗ್ರಾಂ ಕೈಕೊಟ್ಟಿತ್ತು. ಪಟ್ಟಿಯ ಮೊದಲ ಸಂಖ್ಯೆ ಕೇಳಿದರೆ ತಕ್ಷಣ ಹುಡುಕಿ ಕೊಡುತ್ತಿತ್ತು. ಕೊನೆಯದ್ದು ಕೇಳಿದರೆ ಸುಮ್ನೆ ಸುತ್ತುತ್ತಲೇ ಇತ್ತು. ಎರರ್ ಇಲ್ಲ, ಉತ್ತರವೂ ಇಲ್ಲ. ಹಿಂದಿನ ರಾತ್ರಿ ಎರಡು ಗಂಟೆವರೆಗೂ ಕೂತಿದ್ದಳಂತೆ. "ನಂಗೆ ಕೋಡಿಂಗ್ ತಲೆಗೇ ಹತ್ತಲ್ಲ ಕಣಕ್ಕ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು.

ಲ್ಯಾಬ್ ಪುಸ್ತಕ ಇಸ್ಕೊಂಡು ನೋಡಿದೆ. ಜೆರಾಕ್ಸಿನ ಜೆರಾಕ್ಸು. ಪಟ್ಟಿಯ ಶುರುವಿಗೆ ಇಂಗ್ಲಿಷಿನ ಸಣ್ಣ ಎಲ್ ಅಂತ ಹೆಸರಿಟ್ಟಿದ್ದರು. ಮಧ್ಯದ ಜಾಗ ಲೆಕ್ಕ ಹಾಕುವ ಸಾಲಲ್ಲಿ ಮಸಿ ಹರಡಿ ಆ ಎಲ್ ಒಂದರ ಹಾಗೇ ಕಾಣುತ್ತಿತ್ತು. ಸ್ಕ್ರೀನಲ್ಲೂ ಅದೇ ಕಥೆ. ಚೆಂದ ಕಾಣಲಿ ಅಂತ ಕೋಡ್ ಬರೆಯುವ ಎಡಿಟರಿಗೆ ಟೈಮ್ಸ್ ನ್ಯೂ ರೋಮನ್ ಫಾಂಟ್ ಹಾಕಿಕೊಂಡಿದ್ದಳು. ಎರಡೂ ಹೆಚ್ಚುಕಡಿಮೆ ಒಂದೇ ಕಡ್ಡಿ. ನಾನೂ ಅರ್ಧ ಗಂಟೆ ಕಣ್ಣಾಡಿಸಿದೆ, ತಪ್ಪು ಸಿಗಲಿಲ್ಲ.

ಕೊನೆಗೆ ಫಾಂಟ್ ಬದಲಿಸಿದೆ. ಸೋರ್ಸ್ ಕೋಡ್ ಪ್ರೊ. 2012ರಲ್ಲಿ ಅಡೋಬಿ ಕಂಪನಿಯ ಪಾಲ್ ಹಂಟ್ ರೂಪಿಸಿದ್ದು, ದುಡ್ಡು ಕೊಡಬೇಕಿಲ್ಲ. ಹಳೆ ಟೈಪ್‌ರೈಟರಿನ ಹಾಗೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ತೆಳ್ಳಗಿನ ಐಗೂ ದಪ್ಪ ಎಮ್‌ಗೂ ಸಮ ಜಾಗ. ಹಗ್ಗ ಹಿಡಿದು ನಾಟಿ ಹಾಕಿದ ಹಾಗೆ ಕೋಡ್ ನೇರವಾಗಿ ನಿಂತಿತು. ಎಲ್ ಬುಡದಲ್ಲಿ ಬಲಕ್ಕೆ ಬಾಲ ಬಾಗಿಸಿತು. ಅಂಕಿ ಒಂದು ತನ್ನ ಕಾಲಡಿಗೆ ಮಣೆ ಹಾಕಿಕೊಂಡಿತು. ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕಿ.

ಆಗ ಅವಳು ಸ್ಕ್ರೀನಿಗೆ ಬಗ್ಗಿ ಕೇಳಿದ್ದು: "ಅಕ್ಕ, ಇದು ಒಂದಾ, ಎಲ್ಲಾ?"

ಅಡುಗೆಮನೆಯಿಂದ ಅಮ್ಮ, "ಒಂದ್ಯಾಕೆ, ಎಲ್ಲಾ ತಿನ್ನಿ. ಹಿಟ್ಟು ಇನ್ನೂ ಇದೆ" ಅಂದರು. ನಕ್ಕೂ ನಕ್ಕೂ ಇಬ್ಬರಿಗೂ ಹೊಟ್ಟೆ ನೋವು ಬಂತು. ಮಧ್ಯದ ಜಾಗದ ಸಾಲಲ್ಲಿ ಎಲ್ ಬದಲು ಕೂತಿದ್ದ ಅಂಕಿ ಒಂದನ್ನು ಅಳಿಸಿ ಎಲ್ ಹಾಕಿದಳು. ಕೊನೆಯ ಸಂಖ್ಯೆ ಸಿಕ್ಕಿತು.

ಆ ಪುಸ್ತಕ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರಿಗೆ 2001ರಲ್ಲಿ ಶುರುವಾದ ಪೆಪ್ 8 ಅನ್ನೋ ನಿಯಮಾವಳಿ ಇದೆ. ಸಣ್ಣ ಎಲ್ ಒಂದನ್ನೇ ಹೆಸರಾಗಿ ಇಡಬೇಡಿ, ಕೆಲವು ಫಾಂಟಲ್ಲಿ ಅದಕ್ಕೂ ಒಂದಕ್ಕೂ ವ್ಯತ್ಯಾಸ ಗೊತ್ತಾಗಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಕಲಿಸುವವರು ಅಷ್ಟು ಓದಬಾರದಾ? ನಮ್ಮ ಹುಡುಗಿ ಹಠದವಳು, ರೈಲು ಹತ್ತಿ ಬಂದಳು. ಇಂಥ ಒಂದು ಕಡ್ಡಿಗೆ ಸೋತು, ತನಗೇ ಬರಲ್ಲ ಅಂದುಕೊಂಡು ಬಿಟ್ಟ ಮಕ್ಕಳು ಎಷ್ಟೋ ಇರಬೇಕು ಅಲ್ವಾ?

ಹೊರಡೋ ಮುಂಚೆ ಪಟ್ಟಿಗೆ ಊರುಗಳ ಹೆಸರು ಹಾಕಿ ನೋಡಿದಳು. "ಮಂಡ್ಯ" ಅಂತ ಬರೆದ ಕೂಡಲೇ ನೇರ ಸಾಲು ಅಲುಗಿತು. ನಮ್ಮ ಅಕ್ಷರ ಒಂದೇ ಅಗಲಕ್ಕೆ ಸುಲಭವಾಗಿ ಬಗ್ಗಲ್ಲ, ಯ ಒತ್ತು ಪಕ್ಕಕ್ಕೆ ಚಾಚುತ್ತದೆ. ಅವಳು ಮಕಾರದ ಪಕ್ಕದ ಸೊನ್ನೆ ಮೇಲೆ ಬೆರಳಿಟ್ಟಳು.

"ಅಕ್ಕ, ಇದು ಅನುಸ್ವಾರನಾ, ಅಂಕಿನಾ?"

ಎರಡನ್ನೂ ನಾವು ಸೊನ್ನೆ ಅಂತಲೇ ಕರೆಯುತ್ತೇವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ. ಒಂದು ಸಾಲಲ್ಲಿ ಮಂ ಒತ್ತಿದೆ, ಅದರ ಕೆಳಗೆ ಮ, ಪಕ್ಕದಲ್ಲಿ ೦. ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾ ಕೂತೆವು. ರೈಲಿಗೆ ಹೊತ್ತಾಗುತ್ತಿತ್ತು.