ಕನ್ನಡಿ ಬಟ್ಟೆಗೆ ಎಷ್ಟು ಬೆಳಕು ಬೇಕು?

ಕಲಬುರಗಿಯಲ್ಲಿ ಆರ್ಕಿಟೆಕ್ಟ್ ಆದವನಿಗೆ ಮೊದಲ ಜಗಳ ಗಾಜಿನದ್ದು. ಬುಡಕಟ್ಟು ಸಂಸ್ಕೃತಿಯ ಮ್ಯೂಸಿಯಂಗೆ ನಕ್ಷೆ ಹಾಕುವಾಗಲೂ ಅದೇ ಬಂತು. "ಮುಂದ ಪೂರ್ತಿ ಗಾಜು ಇರ್ಲಿ ಸರ್, ಗ್ರ್ಯಾಂಡ್ ಕಾಣ್ಬೇಕು" ಅಂದರು ಕಟ್ಟಿಸುವವರು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಎಸಿ ಬಿಲ್ ಬಿಡಿ, ಒಳಗಿಡುವ ಲಂಬಾಣಿ ಬಟ್ಟೆಗಳ ಗತಿ ಏನು?

(ಲಂಬಾಣಿಗರು ನಮ್ಮಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ, ಅಂದರೆ ಬುಡಕಟ್ಟು. ಪಟ್ಟಿ ಏನೇ ಹೇಳಲಿ, ಇಲ್ಲಿ ತಾಂಡಾ ಬಿಟ್ಟು ಇಂಥ ಮ್ಯೂಸಿಯಂ ಮಾಡಲಾಗದು.)

ಬಣ್ಣ ಮಾಸಬಾರದೆಂದು ಹಳೆಯ ಬಟ್ಟೆಗೆ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಜಾಸ್ತಿ ಬೆಳಕು ಬಿಡುವುದಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಬಿಸಿಲಿಂದ ನೇರ ಒಳಗೆ ಬಂದವರಿಗೆ ಬರೀ ಕತ್ತಲೆ. "ಲೈಟ್ ಹಾಕ್ರಿ" ಅನ್ನುತ್ತಾರೆ. ಅದಕ್ಕೆ ದಾರಿಯನ್ನೇ ಉದ್ದ ಮಾಡಿದೆವು. ಮೊದಲು ಅಂಗಳ, ಆಮೇಲೆ ಅಗಲವಾದ ಪಡಸಾಲೆ, ತಿರುವಿರುವ ಓಣಿ, ಕೊನೆಗೆ ಬಟ್ಟೆಯ ಕೋಣೆ. ನಡೆಯುತ್ತಲೇ ಕಣ್ಣು ಹೊಂದಿಕೊಳ್ಳುತ್ತದೆ. ಪಡಸಾಲೆಗೆ ಶಹಾಬಾದ್ ಕಲ್ಲು, ಆದರೆ ಪಾಲಿಶ್ ಇಲ್ಲ. ಪಾಲಿಶ್ ಮಾಡಿದರೆ ನೆಲವೇ ಕಣ್ಣಿಗೆ ಹೊಡೆಯುತ್ತದೆ.

ಉತ್ತರದ ಕಿಟಕಿಗೆ ಬಿಸಿಲಿನ ಕಾಟ ಇಲ್ಲ ಅಂತ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಆಗಸ್ಟ್ ಶುರುವಿನ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಆ ಗೋಡೆಗೂ ಸಜ್ಜಾ ಬೇಕೇ ಬೇಕು.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಒಂದು ತಾಂಡಾದಲ್ಲಿ ಲಂಬಾಣಿ ಹೆಂಗಸರ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ನೋಡುತ್ತಾ ಕೂತಿದ್ದೆವು. ಕನ್ನಡಿ ಬಿಲ್ಲೆಗಳ ಮೇಲೆ ಬೆರಳಾಡಿಸುತ್ತಾ ಅಜ್ಜಿಯೊಬ್ಬರು, "ಯಪ್ಪಾ, ಗ್ವಾಡಿಗಿ ತೂಗಹಾಕಿದ್ರ ಇದೇನ್ ಹೊಳಿತದ? ಉಟ್ಕೊಂಡು ಕುಣಿಬೇಕು" ಅಂದರು. ನಿಜ ಅಲ್ವಾ? ಬೆಳಕು ಎಲ್ಲ ಕಡೆ ಒಂದೇ ಸಮ ಬಿದ್ದರೆ ಕನ್ನಡಿ ಮಂಕು. ಪಕ್ಕದಿಂದ ಸಣ್ಣದೊಂದು ಸ್ಪಾಟ್‌ಲೈಟ್ ಬಿಟ್ಟು ನೋಡಿದೆವು. ಒಂದು ಹೆಜ್ಜೆ ಸರಿದರೆ ಒಂದು ಬಿಲ್ಲೆ ಮಿಂಚುತ್ತದೆ, ಇನ್ನೊಂದು ಹೆಜ್ಜೆಗೆ ಅದರ ಪಕ್ಕದ್ದು. 50 ಲಕ್ಸ್ ಒಳಗೇ ಆಯಿತು. ಕುಣಿಯುವವರಿಗೆ ಅಂಗಳ ಉಳಿಸಿಕೊಂಡೆವು, ಹೆಂಗಸರು ಸುತ್ತುಗಟ್ಟಿ ಕುಣಿಯುವಷ್ಟು. ಅದನ್ನು ಪಾರ್ಕಿಂಗ್‌ಗೆ ಕೇಳಿದರು, ಕೊಡಲಿಲ್ಲ. 2013ರಲ್ಲಿ ಶುರುವಾದ, ರೇವತಿ ಕಾಮತ್ ವಿನ್ಯಾಸದ ಭೋಪಾಲಿನ ಬುಡಕಟ್ಟು ಮ್ಯೂಸಿಯಂನ ಪಡಸಾಲೆ, ಅಂಗಳಗಳ ಫೋಟೊ ತೋರಿಸಿದ ಮೇಲೆ ಮಾತು ಸುಲಭವಾಯಿತು.

ಬೆಳಕಿನಿಂದ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಹಾಗಾಗಿ ಒಂದು ಬಟ್ಟೆ ಕೆಲವು ತಿಂಗಳು ಹೊರಗಿದ್ದರೆ ಉಳಿದ ಕಾಲ ಕತ್ತಲೆಯ ಸ್ಟೋರ್ ರೂಮಿನಲ್ಲಿರಬೇಕು. ಬಜೆಟ್ ಇಳಿದಾಗ ಮೊದಲು ಕತ್ತರಿ ಬೀಳುವುದು ಈ ಕೋಣೆಗೇ, ಉದ್ಘಾಟನೆಗೆ ಬಂದವರಿಗೆ ಇದು ಕಾಣುವುದಿಲ್ಲವಲ್ಲ. ನಾವು ಅದನ್ನು ಕಟ್ಟಡದ ನಡುಮಧ್ಯೆ ಇಟ್ಟಿದ್ದೇವೆ, ಹೊರಗೋಡೆಯ ಬಿಸಿ ತಾಗದ ಹಾಗೆ. ಅದರ ಮೇಲೆ ನೀರಿನ ಪೈಪ್ ಹಾಯಿಸಬೇಡಿ ಅಂತ ಪ್ಲಂಬಿಂಗ್‌ನವರ ಜೊತೆ ಈಗ ವಾದ ನಡೆದಿದೆ.